ಡಾಂಬರು ಕಂಡರಾಗದ ಭಾವ

ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ಕೆಲವರಿಗೆ ದೂಳು ಆಗುವುದಿಲ್ಲ. ನಮ್ಮ ಭಾವನಿಗೆ ಡಾಂಬರು ಆಗುವುದಿಲ್ಲ! ಅಚ್ಚುಕಟ್ಟಾದ ರಸ್ತೆ ಕಂಡರೆ ಮುಖ ಹುಳ್ಳಗೆ ಮಾಡುತ್ತಾರೆ. ಅದೇ ಮುಳ್ಳು, ಕಲ್ಲು, ಕೆಸರು, ನಡುವೆ ಅಡ್ಡ ಮಲಗಿದ ಒಂದು ಎಮ್ಮೆ, ಇಷ್ಟಿರುವ ಕಾಲುದಾರಿ ಕಂಡರೋ, "ಆಹಾ, ಟ್ರೇಲ್ ಅಂದ್ರೆ ಇದು ಮಾರಾಯ!" ಎಂದು ಕಣ್ಣರಳಿಸುತ್ತಾರೆ. ವಯಸ್ಸು ಅರವತ್ತು ದಾಟಿದೆ. ಬೆಟ್ಟ ಹತ್ತುವ ದಪ್ಪ ಟೈರಿನ ಗೇರ್ ಸೈಕಲ್ ಒಂದಿದೆ. ಅದಕ್ಕೆ ಇಪ್ಪತ್ತೊಂದು ಗೇರು. ಅವುಗಳಲ್ಲಿ ಕೆಲಸ ಮಾಡುವುದು ಮೂರು.

ಯಾವ ಊರಿಗೆ ಹೋದರೂ ಸೈಕಲ್ ಜೊತೆಗೇ ಹೊರಡಬೇಕು. ಮದುವೆಯೋ ಮುಂಜಿಯೋ ಅದು ಅವರಿಗೆ ಗೌಣ. ಆ ಊರಿನಲ್ಲಿ ಗುಡ್ಡ ಇದೆಯೇ ಎಂಬುದೊಂದೇ ಪ್ರಶ್ನೆ. ನನಗೆ ಹೆಣ್ಣು ನೋಡಲು ಸಾಗರದ ಕಡೆಯ ಹಳ್ಳಿಗೆ ಹೊರಟಾಗಲೂ ವ್ಯಾನಿನ ಮೇಲೆ ಸೈಕಲ್ ಕಟ್ಟಿದರು. ಊರು ಇನ್ನೂ ಮೂರು ಮೈಲಿ ಇರುವಾಗಲೇ ಇಳಿದು, "ನೀವು ಮುಂದೆ ಹೋಗಿ, ನಾನು ಗುಡ್ಡದ ಮೇಲಿಂದ ಬರ್ತೀನಿ" ಎಂದು ಮಾಯವಾದರು. ನಾವು ಉಪ್ಪಿಟ್ಟು ಕೇಸರಿಬಾತ್ ಮುಗಿಸಿ, ಹುಡುಗಿ ಇನ್ನೇನು ಬಂದು ಕೂರಬೇಕು, ಹಿತ್ತಲ ಬಾಗಿಲಿನಿಂದ ಭಾವ ಪ್ರವೇಶಿಸಿದರು. ಹೆಲ್ಮೆಟ್ಟಿನಲ್ಲಿ ಹುಲ್ಲು, ಮೊಣಕಾಲಿನವರೆಗೆ ಹರಿದ ಪ್ಯಾಂಟು! ಹುಡುಗಿಯ ಅಜ್ಜ ಕನ್ನಡಕ ಸರಿಮಾಡಿಕೊಂಡು, "ಹುಡುಗ ಇವರೇನಾ?" ಎಂದು ನಡುಗುವ ದನಿಯಲ್ಲಿ ಕೇಳಿದರು. ನನ್ನ ಮದುವೆ ಆ ಮನೆಯಲ್ಲೇ ಆಯಿತು. ಹೇಗೆ ಒಪ್ಪಿದೆ ಎಂದು ಹೆಂಡತಿಯನ್ನು ಕೇಳಿದರೆ ಇವತ್ತಿಗೂ ಒಂದೇ ಉತ್ತರ: "ನೀವು ಅವರ ಪಕ್ಕ ಕೂತಿದ್ರಲ್ಲ, ಬುದ್ಧಿವಂತರ ಹಾಗೆ ಕಂಡ್ರಿ."

ಇಂಥವರನ್ನು ಕಟ್ಟಿಕೊಂಡ ನನ್ನ ಅಕ್ಕ ಹೇಗಿರಬಹುದು ಹೇಳಿ? ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಹಾಯಾಗಿದ್ದಳು. ಪಕ್ಕದ ಮನೆಯ ಸೆಲ್ವಿಯಮ್ಮ ತಮಿಳಿನವರು. ಇಬ್ಬರ ನಡುವೆ ಎದೆಮಟ್ಟದ ಕಾಂಪೌಂಡು ಗೋಡೆ. ಅದರ ಮೇಲೆ ಆ ಕಡೆಯ ಸಾಂಬಾರು ಈ ಕಡೆಗೆ, ಈ ಕಡೆಯ ಹುಳಿ ಆ ಕಡೆಗೆ. ಎರಡರಲ್ಲಿ ಏನು ವ್ಯತ್ಯಾಸ ಎಂದು ಒಮ್ಮೆ ಕೇಳಿದ್ದಕ್ಕೆ ಇಬ್ಬರೂ ಸೇರಿ ನನ್ನನ್ನು ಬೈದಿದ್ದರು. ಭಾವ ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ಶಿವಮೊಗ್ಗದ ವಿದ್ಯಾನಗರದಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ, ಮನೆ ಕೊಂಡರು. ಭಾವನಿಗೆ ಒಳಗೊಳಗೇ ಖುಷಿ. ಭದ್ರಾವತಿಯ ದಾರಿಗಳೆಲ್ಲ ಅವರ ಪ್ರಕಾರ ಖರ್ಚಾಗಿಹೋಗಿದ್ದವು!

ಗೃಹಪ್ರವೇಶದ ದಿನವೇ ಹೊಸ ಊರಿನ ಟ್ರೇಲ್ ಹುಡುಕುವ ಕೆಲಸ ಶುರುವಾಯಿತು. ಪದ್ಧತಿಯಂತೆ ಹಸುವನ್ನು ಮನೆಯೊಳಗೆ ಕರೆತಂದು, ಪೂಜೆ ಮಾಡಿ, ಹೊರಗೆ ಬಿಟ್ಟೆವು. ಪುರೋಹಿತರು ಹೋಮಕ್ಕೆ ಕೂರಲು ಕರೆದರೆ ಯಜಮಾನರೇ ಇಲ್ಲ! "ದನ ತಿರುಗೋ ದಾರಿಗಿಂತ ಒಳ್ಳೇ ಟ್ರೇಲ್ ಇಲ್ಲ" ಎಂಬ ಅವರ ಸಿದ್ಧಾಂತ ನನಗೆ ಆಗ ನೆನಪಾಯಿತು. ಬೀದಿಗೆ ಓಡಿ ನೋಡಿದರೆ ಮುಂದೆ ಹಸು, ಹಿಂದೆ ಪಂಚೆಯುಟ್ಟ ಭಾವ. ಇದೂ ಒಂದು ಶಾಸ್ತ್ರವಿರಬೇಕು ಎಂದುಕೊಂಡ ದೊಡ್ಡಮ್ಮ, ಚಿಕ್ಕಮ್ಮ, ಇನ್ನೂ ಒಂಬತ್ತು ಜನ ಕೈಮುಗಿದುಕೊಂಡು ಅವರ ಹಿಂದೆ ನಡೆದಿದ್ದರು. ಸಿಟಿಯ ಹಸು ಅಲ್ಲವೇ, ಅದು ಗುಡ್ಡಕ್ಕೇಕೆ ಹೋದೀತು? ನೆಟ್ಟಗೆ ಒಂದು ಹೋಟೆಲಿನ ಹಿಂಭಾಗಕ್ಕೆ ಹೋಗಿ ಸಿಪ್ಪೆಯ ರಾಶಿಗೆ ಬಾಯಿ ಹಾಕಿತು. ಹನ್ನೆರಡು ಜನ ಬಂದವರು ಸುಮ್ಮನೆ ವಾಪಸಾಗುವುದು ಹೇಗೆ ಎಂದು ಒಳಗೆ ಹೋಗಿ ಕಾಫಿ ಕುಡಿದು ಬಂದರು. ಪುರೋಹಿತರು ಅಷ್ಟು ಹೊತ್ತೂ ಹೊಗೆಯಲ್ಲಿ ಕೂತಿದ್ದರು.

ನಗುತ್ತಿದ್ದೇವೆ, ಸರಿ. ಆದರೆ ಅಕ್ಕ ನಗಲಿಲ್ಲ. ಹೊಸ ಮನೆಗೆ ಬಂದು ತಿಂಗಳು ಎರಡಾದರೂ ಪಾತ್ರೆಯ ಪೆಟ್ಟಿಗೆ ಬಿಚ್ಚಲಿಲ್ಲ. ಸಂಜೆಯಾದರೆ ಬಾಗಿಲಲ್ಲಿ ಕೂತು ಬೀದಿ ನೋಡುವಳು. ಅತ್ತೂ ಅತ್ತೂ ಕಣ್ಣು ಊದಿರುತ್ತಿದ್ದವು. "ದೀಪಾವಳಿವರೆಗೆ ನೋಡ್ತೀನಿ ಕಣೋ. ಆಮೇಲೂ ಈ ಊರು ಹಿಡಿಸ್ಲಿಲ್ಲ ಅಂದ್ರೆ ಸೆಲ್ವಿ ಮನೆ ಹತ್ರ ಬಾಡಿಗೆಗೆ ಒಂದು ರೂಮ್ ಹಿಡಿದು ಹೋಗ್ಬಿಡ್ತೀನಿ. ನಿಮ್ಮ ಭಾವ ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ" ಎಂದು ನನ್ನ ಮುಂದೆ ಹೇಳಿಬಿಟ್ಟಳು. ಹೇಳಿದ್ದನ್ನು ಮಾಡುವವಳು ಅವಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ನೀವು ಕೇಳಬಹುದು, ಭದ್ರಾವತಿಯೇನು ಕಾಶಿಯೇ? ಐದೈದು ನಿಮಿಷಕ್ಕೆ ಬಸ್ಸಿದೆ, ರೈಲಿದೆ, ಬೇಕೆಂದಾಗ ಹೋಗಿಬರಬಾರದೇ? ಅಲ್ಲೇ ಇರುವುದು ತಾಪತ್ರಯ! ಅಕ್ಕನಿಗೆ ಮೋಟಾರು ವಾಹನ ಆಗದು. ಬಸ್ಸಿನ ಹೆಸರೆತ್ತಿದರೆ ಹೊಟ್ಟೆ ತೊಳಸುತ್ತದೆ, ಹತ್ತಿದರೆ ವಾಂತಿ. ಮನೆ ಬದಲಾಯಿಸಿದ ದಿನ ಮುಷ್ಟಿಯಲ್ಲಿ ನಿಂಬೆಹಣ್ಣು ಹಿಡಿದು ಬಂದವಳು, ದಾರಿಯಲ್ಲಿ ಏಳು ಸಲ ಗಾಡಿ ನಿಲ್ಲಿಸಿದ್ದಳು. ಅವಳ ಹೊಟ್ಟೆ ಒಪ್ಪುವ ವಾಹನ ಒಂದೇ, ಅವಳ ಲೇಡೀಸ್ ಸೈಕಲ್. ಕ್ವಾರ್ಟರ್ಸಿನಲ್ಲಿ ಸಂತೆಗೂ ದೇವಸ್ಥಾನಕ್ಕೂ ಅದನ್ನೇ ತುಳಿಯುತ್ತಿದ್ದಳು. ಆದರೆ ಲಾರಿಗಳು ಗುಡುಗುವ ಹೆದ್ದಾರಿಯಲ್ಲಿ ಅದನ್ನು ತುಳಿಯುವುದೆಂದರೆ?

ಅಕ್ಕ ಹೇಳಿದ್ದನ್ನು ನಾನು ಭಾವನಿಗೆ ಮುಟ್ಟಿಸಿದೆ. ಅವರು ಅವತ್ತೇ ಶಪಥ ಮಾಡಿದರು. "ಹೈವೇ ಮುಟ್ಟದೆ ವಿದ್ಯಾನಗರದಿಂದ ಸೆಲ್ವಿ ಮನೆ ಬಾಗಿಲಿಗೆ ದಾರಿ ಹುಡುಕ್ತೀನಿ. ದೀಪಾವಳಿ ಒಳಗೆ!"

ಮಾರನೆಯ ಬೆಳಿಗ್ಗೆಯೇ ಹೊರಟರು. ಎಲ್ಲಿಗೆ? ಡ್ಯಾಮಿರುವ ಗಾಜನೂರಿಗೆ! ಭದ್ರಾವತಿ ಒಂದು ದಿಕ್ಕಿಗಿದ್ದರೆ ಗಾಜನೂರು ಇನ್ನೊಂದು ದಿಕ್ಕಿಗೆ.

"ಭಾವ, ಅದು ಉಲ್ಟಾ ಆಯ್ತಲ್ಲ!"

"ನಿಂಗೆ ಗೊತ್ತಾಗಲ್ಲ ಮಾರಾಯ. ಡ್ಯಾಮಿನಿಂದ ಚಾನಲ್ ಹೊರಡ್ತದೆ. ಚಾನಲ್ ಏರಿ ಮೇಲೆ ಡಾಂಬರಿಲ್ಲ. ನೀರು ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ?"

ನೀರು ಎಲ್ಲಿಗೋ ಹೋಗಿತ್ತು ನಿಜ. ಭಾವ ನಿಷ್ಠೆಯಿಂದ ಅದರ ಬೆನ್ನು ಹತ್ತಿದರು. ಸಂಜೆ ಫೋನು ಬಂತು. "ಮಾರಾಯ, ಇಲ್ಲೊಂದು ಬೋರ್ಡಿದೆ. ಹೊನ್ನಾಳಿ ಅಂತ ಬರ್ದಿದ್ದಾರೆ. ಭದ್ರಾವತೀಲಿ ಹೊನ್ನಾಳಿ ಅಂತ ಯಾವ್ದಾದ್ರೂ ಬಡಾವಣೆ ಇದೆಯಾ?" ನಾನು ಗೂಡ್ಸ್ ಆಟೋ ಮಾಡಿಕೊಂಡು ನಲವತ್ತು ಕಿಲೋಮೀಟರ್ ಹೋಗಿ, ಸೈಕಲ್ಲನ್ನೂ ಅವರನ್ನೂ ತುಂಬಿಕೊಂಡು ಬಂದೆ.

ಆಮೇಲೆ ಅವರಿಗೊಂದು ಜ್ಞಾನೋದಯವಾಯಿತು. ಊರಿನ ಹೊರಗಿನ ಮಣ್ಣುದಾರಿಗಳೆಲ್ಲ ಯಾರಿಗೆ ಗೊತ್ತು? ಸೈಟ್ ಬ್ರೋಕರುಗಳಿಗೆ! ಸರಿ, ಒಬ್ಬ ಬ್ರೋಕರನ್ನು ಹಿಡಿದು, ಸೈಟ್ ಬೇಕೆಂದು ಹೇಳಿ, ಹದಿನೈದು ದಿನ ಅವನ ಬೈಕಿನ ಹಿಂದೆ ಸೈಕಲ್ ತುಳಿದರು. ಆ ಪುಣ್ಯಾತ್ಮ "ಕಾರ್ನರ್ ಸೈಟು ಸಾರ್, ಈಸ್ಟ್ ಫೇಸಿಂಗ್" ಎನ್ನುತ್ತಿದ್ದರೆ ಇವರು, "ಅದಿರ್ಲಿ, ಈ ಬೇಲಿ ಆಚೆ ದಾರಿ ಇದೆಯಾ?" ಎನ್ನುತ್ತಿದ್ದರು. ಕೊನೆಗೆ ಅವನು ಮನೆಗೇ ಬಂದು, "ಅಮ್ಮಾ, ಸಾರ್ ಭದ್ರಾವತಿ ಸೈಡಿಗೆ ಸೈಟ್ ಫೈನಲ್ ಮಾಡೋ ಹಾಗಿದಾರೆ" ಎಂದ. ಅಕ್ಕ ಅವನಿಗೆ ಪಾಯಸ ಮಾಡಿ ಬಡಿಸಿದಳು! ರಾತ್ರಿ ಭಾವ ಸತ್ಯ ಹೇಳಿದ ಮೇಲೆ ಅವಳು ಎರಡು ದಿನ ಅವರ ಜೊತೆ ಮಾತೇ ಆಡಲಿಲ್ಲ. ಭಾವನ ಮೇಲೆ ನನಗೂ ಕೋಪ ಬಂದಿತ್ತು. ಆಸೆ ಹುಟ್ಟಿಸಿ ಕಿತ್ತುಕೊಂಡರೆ ಯಾರಿಗೆ ತಾನೇ ಬೇಸರವಾಗುವುದಿಲ್ಲ?

ದೀಪಾವಳಿಗೆ ಹತ್ತು ದಿನವಿದೆ ಎನ್ನುವಾಗ ಭಾವ ಮೈಯೆಲ್ಲ ಗೀರು ಗಾಯ ಮಾಡಿಕೊಂಡು ಬಂದು, "ಸಿಕ್ತು!" ಎಂದರು. ಮರುದಿನ ನಸುಕಿನಲ್ಲೇ ಹೊರಟೆವು. ಮುಂದೆ ಭಾವ, ನಡುವೆ ಸೆರಗು ಬಿಗಿದು ಸಿಕ್ಕಿಸಿದ ಅಕ್ಕ, ಹಿಂದೆ ಏದುಸಿರು ಬಿಡುವ ನಾನು. ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲದ ಭದ್ರಾವತಿ ಭಾವನ ದಾರಿಯಲ್ಲಿ ಮೂವತ್ತೊಂದು! ಗದ್ದೆ ಬದು ಹತ್ತಿ, ಚಾನಲ್ ಏರಿ ಹಿಡಿದು, ಒಬ್ಬರ ಅಂಗಳದ ನಡುವೆಯೇ ಹಾದು, ಅವರು ಕೊಟ್ಟ ಮಜ್ಜಿಗೆ ಕುಡಿದು, ಮತ್ತೆ ಏರಿ. ಇಷ್ಟಾದರೂ ಏನೋ ಸರಿಯಿಲ್ಲ ಎಂದು ನನಗೆ ಅನ್ನಿಸುತ್ತಲೇ ಇತ್ತು. ಒಂದು ಮುಳ್ಳಿಲ್ಲ, ಒಂದು ಗುಂಡಿಯಿಲ್ಲ.

"ಇದೆಂಥ ಟ್ರೇಲ್ ಭಾವ? ನೀರು ತುಂಬಿದ ಚೊಂಬು ಹೊತ್ಕೊಂಡು ಹೋಗ್ಬಹುದಲ್ಲ!"

ಭಾವ ಅಕ್ಕನಿಗೆ ಕೇಳಿಸದ ಹಾಗೆ ಹೇಳಿದರು. "ದಾರಿ ಸಿಕ್ಕಿ ತಿಂಗಳಾಯ್ತು ಮಾರಾಯ. ಮುಳ್ಳು ಸವರಿ, ಗುಂಡಿಗೆ ಮಣ್ಣು ತುಂಬಿ, ಎರಡು ಕಡೆ ಹಳ್ಳಕ್ಕೆ ಕಲ್ಲುಚಪ್ಪಡಿ ಹಾಕ್ಸೋಕೆ ಇಷ್ಟು ದಿನ ಹಿಡೀತು. ಅವಳ ಸೈಕಲ್ಲಿಗೆ ಗೇರಿಲ್ಲ ನೋಡು."

ಹತ್ತು ಗಂಟೆಯ ಹೊತ್ತಿಗೆ ಸೆಲ್ವಿಯಮ್ಮನ ಬಾಗಿಲು ಮುಟ್ಟಿದೆವು. "ಅಯ್ಯೋ ಅಕ್ಕಾ! ಸೈಕಲಲ್ಲೇ ಬಂದ್ರಾ?" ಎಂದು ಆಕೆ ಓಡಿಬಂದು ತಬ್ಬಿಕೊಂಡರು. ಇಬ್ಬರೂ ಅಳುತ್ತ ನಗುತ್ತ ಒಳಗೆ ಹೋದರು. ಊಟವಾದ ಮೇಲೆ ಭಾವ ಹೊರಗೆ ಮೆಟ್ಟಿಲ ಮೇಲೆ ಕೂತು, ಸರಿಯಾಗಿಯೇ ಇದ್ದ ಚೈನನ್ನು ಬಿಚ್ಚತೊಡಗಿದರು.

"ಕ್ವಾರ್ಟರ್ಸ್ ಹೊರಗೆ, ಇಲ್ಲೇ ಹತ್ರ ಒಂದು ಬಾಡಿಗೆ ಮನೆ ನೋಡಿಟ್ಟಿದೀನಿ" ಎಂದರು ತಲೆಯೆತ್ತದೆ. "ಇಲ್ಲೇ ಇರ್ತೀನಿ ಅಂದ್ರೆ ಇರ್ಲಿ. ನಾನೂ ಬರ್ತೀನಿ. ಅವಳು ಸಂಜೆ ಹೊತ್ತು ಹಂಗೆ ಕೂತಿರೋದನ್ನ ನಂಗೆ ಇನ್ನು ನೋಡೋಕಾಗಲ್ಲ ಮಾರಾಯ."

ಅಷ್ಟರಲ್ಲಿ ಅಕ್ಕ, ಸೆಲ್ವಿಯಮ್ಮ ಇಬ್ಬರೂ ಹೊಸಿಲಿಗೆ ಬಂದರು. ಅಕ್ಕ ಚೀಲದಿಂದ ಕುಂಕುಮದ ಭರಣಿ ತೆಗೆದು ಗೆಳತಿಯ ಹಣೆಗೆ ಇಟ್ಟಳು.

"ದೀಪಾವಳಿಗೆ ನಮ್ಮನೆಗೆ ಬಾ ಸೆಲ್ವಿ. ಫೋನಲ್ಲಿ ಕರೀಬಾರ್ದು ಅಂತ ನಾನೇ ಬಂದೆ. ಎರಡು ದಿನ ಇರೋ ಹಾಗೆ ಬರ್ಬೇಕು."

"ಕರೀದೇ ಹೆಂಗೆ ಬರ್ಲಿ ಅಂತ ಇಷ್ಟು ದಿನ ಕಾಯ್ತಾ ಇದ್ದೆ ಅಕ್ಕಾ" ಎಂದರು ಸೆಲ್ವಿಯಮ್ಮ.

ಭಾವನ ಕೈಯಲ್ಲಿದ್ದ ಚೈನು ಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಡಲು ಬಗ್ಗಿ ಅವರ ಮುಖ ನೋಡಿದೆ. ಕಣ್ಣೀರು ಒರೆಸಿಕೊಳ್ಳಲು ಹೋಗಿ ಕೆನ್ನೆಯ ತುಂಬ ಗ್ರೀಸ್ ಬಳಿದುಕೊಂಡಿದ್ದರು.

"ಏನ್ ಭಾವ?"

"ನಮ್ಮನೆ ಅಂದ್ಲು ಮಾರಾಯ" ಎಂದರು.