ಕೆಂಪು ಚುಕ್ಕೆಯ ಮಹಾರಾಣಿ

"ಒಂದನ್ನ ಎರಡು ಮಾಡಿ ತೋರಿಸದಿದ್ರೆ ನಾನು ಗಡಿಯಾರ ರಿಪೇರಿಯವನೇ ಅಲ್ಲ!"

ಹೆಂಡತಿಯನ್ನು ಬಸ್ಸು ಹತ್ತಿಸಿ ಬಂದ ಗಡಿಯಾರ ರಿಪೇರಿಯವ ಮಹಡಿಯ ಮೇಲೆ ನಿಂತು ಹೀಗೊಂದು ಪ್ರತಿಜ್ಞೆ ಮಾಡಿದ. ಕೇಳಿಸಿಕೊಂಡದ್ದು ನೀರಿನ ತೊಟ್ಟಿ ಮತ್ತು ಜೇನುಪೆಟ್ಟಿಗೆ ಮಾತ್ರ.

ಜೇನು ಸಾಕುತ್ತಿದ್ದವಳು ಹೆಂಡತಿ. ಹೋದ ವರ್ಷ ಮರಿ ಕೊಳೆಯುವ ರೋಗ ಬಂದು ಅವಳ ಪೆಟ್ಟಿಗೆಗಳೆಲ್ಲ ಖಾಲಿಯಾಗಿದ್ದವು. ಹುಳಗಳು ಕಟ್ಟಿದ ಮೇಣದ ಎರಿಗಳನ್ನು ತನ್ನ ಕೈಯಾರೆ ಸುಟ್ಟು, ಊಟ ಬಿಟ್ಟು ಕೂತಿದ್ದಳು. ಉಳಿದದ್ದು ಇದೊಂದೇ ಗೂಡು. ತಂಗಿಯ ಹೆರಿಗೆಗೆಂದು ಹೊರಡುವಾಗ ಹತ್ತು ಸಲ ಹೇಳಿದ್ದಳು: "ರೀ, ಸಕ್ಕರೆ ನೀರು ಇಡಿ, ಸಾಕು. ಮುಚ್ಚಳ ಮಾತ್ರ ತೆಗೀಬೇಡಿ, ನಿಮ್ಮ ದಮ್ಮಯ್ಯ!"

"ನಾನೇನು ಚಿಕ್ಕ ಮಗುವೇನೇ?" ಎಂದಿದ್ದ.

ಆದರೆ ಅವಳು ಬರುವ ಹೊತ್ತಿಗೆ ಎರಡು ಗೂಡು ನಿಂತಿದ್ದರೆ? ಅವಳ ಮುಖ ಅರಳುವುದನ್ನು ನೆನೆದೇ ಅವನ ಕೈ ತುರಿಸತೊಡಗಿತು. ಅವಳ ಜೇನುಸಾಕಣೆಯ ಪುಸ್ತಕ ತಿರುವಿದ. ಅರ್ಧ ಎರಿಗಳನ್ನು ರಾಣಿಯ ಸಮೇತ ಹೊಸ ಪೆಟ್ಟಿಗೆಗೆ ಹಾಕಿದರೆ, ಉಳಿದ ಅರ್ಧ ತಾನೇ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತದಂತೆ. ರಾಣಿ ಉಳಿದವಕ್ಕಿಂತ ದೊಡ್ಡದಂತೆ. ಇಷ್ಟೇ ತಾನೆ! ಕೂದಲೆಳೆಯಂಥ ಸ್ಪ್ರಿಂಗ್ ಹಿಡಿಯುವ ಕೈಗೆ ಇದೊಂದು ಲೆಕ್ಕವೇ?

ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹೊಗೆ ಹಾಕಿ, ಮುಚ್ಚಳ ತೆಗೆದ. ಎರಿಯ ಮೇಲೆ ದಪ್ಪನೆಯದೊಂದು ಠೀವಿಯಿಂದ ಅಡ್ಡಾಡುತ್ತಿತ್ತು. ಕೆಲಸವಿಲ್ಲ, ಕಾರ್ಯವಿಲ್ಲ, ಬಾಯಿಗೆ ತುತ್ತಿಡಲು ಆಳುಗಳು ಬೇರೆ! "ಬರಬೇಕು ಮಹಾರಾಣಿಯವರೇ!" ಎಂದು ಮೆಲ್ಲಗೆ ಹಿಡಿದು, ಗುರುತಿಗಿರಲೆಂದು ಅದರ ಬೆನ್ನಿಗೆ ಹೆಂಡತಿಯ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟ. ಮಹಾರಾಣಿ ಕುಟುಕಲೂ ಇಲ್ಲ. ದೊಡ್ಡವರದು ದೊಡ್ಡ ಗುಣ! ಹೊಸ ಪೆಟ್ಟಿಗೆಯಲ್ಲಿ ಪಟ್ಟಾಭಿಷೇಕ ಮುಗಿಯಿತು.

ಕೆಲವು ದಿನ ಬಿಟ್ಟು ಹೊಸ ಪೆಟ್ಟಿಗೆ ತೆರೆದ. ಎರಿಗಳಲ್ಲಿ ಕಡಲೆಕಾಯಿಯಂಥ ಉದ್ದನೆಯ ಗೂಡುಗಳು ಜೋತುಬಿದ್ದಿದ್ದವು. ಪುಸ್ತಕದ ಪ್ರಕಾರ ಅವು ಹೊಸ ರಾಣಿಯ ತೊಟ್ಟಿಲುಗಳು!

"ಮಹಾರಾಣಿ ಬದುಕಿರುವಾಗಲೇ ಇನ್ನೊಬ್ಬಳೇ? ರಾಜದ್ರೋಹ!" ಎಂದು ಚಿಮಟ ಹಿಡಿದು ಒಂದೊಂದೇ ಕಿತ್ತ. ಕೊನೆಯ ಎರಿಗೆ ಬರುವಷ್ಟರಲ್ಲಿ ಒಂದು ಹುಳ ನುಗ್ಗಿ ಬಂದು ಬಲಗಣ್ಣಿನ ರೆಪ್ಪೆಗೆ ಕುಟುಕಿತು. ಕಣ್ಣು ಬನ್ನಿನ ಹಾಗೆ ಊದಿ ಮುಚ್ಚಿಕೊಂಡಿತು. ಎಡಗಣ್ಣು ಮೊದಲಿನಿಂದಲೂ ಮಂಜು. ಅದರಲ್ಲೇ ಕೊನೆಯ ಎರಿಯನ್ನು ನೋಡಿದ ಶಾಸ್ತ್ರ ಮುಗಿಸಿ, ಮುಚ್ಚಳ ಹಾಕಿ, ಅಯ್ಯೋ ಅಮ್ಮಾ ಎನ್ನುತ್ತ ಕೆಳಗೆ ಓಡಿದ.

ವಾರದ ಮೇಲೆ ಹೆಂಡತಿ ಬಂದಳು. ಎರಡು ಪೆಟ್ಟಿಗೆ ಕಂಡು ಚೀಲ ಕೈಜಾರಿತು.

"ಮುಚ್ಚಳ ತೆಗೆದ್ರಾ?"

"ತೆಗೆದು ಎರಡು ಮಾಡಿದೀನಿ! ಈ ಹೊಸದರಲ್ಲಿ ರಾಣಿ. ಚುಕ್ಕೆ ಇಟ್ಟಿದೀನಿ, ನೋಡು!"

ಅವಳು ನೋಡಿದಳು. ಹಣೆ ಚಚ್ಚಿಕೊಂಡಳು.

"ರೀ, ಇದು ಗಂಡು!"

"ಆಂ?"

"ಗಂಡು ಜೇನು! ದುಡಿಯಲ್ಲ, ಕುಟುಕಲ್ಲ, ತಿಂದ್ಕೊಂಡು ತಿರುಗುತ್ತೆ. ಬೇರೆಯವರಿಗೆ ಬಿಡಿ, ನಿಮಗಾದ್ರೂ ಗುರುತು ಸಿಗಬಾರದಿತ್ತಾ?"

ಹಳೆಯ ಪೆಟ್ಟಿಗೆ ತೆರೆದಳು. ಹಳೆಯ ರಾಣಿ ಹಾಯಾಗಿ ಅಲ್ಲೇ ಇತ್ತು. "ಇದು ಬಚಾವು. ಹೊಸದರಲ್ಲಿ ರಾಣೀನೇ ಇರ್ಲಿಲ್ಲ, ಪಾಪ. ತೊಟ್ಟಿಲು ಕಟ್ಟಿರಬೇಕಲ್ಲ, ಎಲ್ಲಿ?"

"ಕಿತ್ತೆ," ಎಂದ.

"ಎಲ್ಲಾನೂ?"

ತಲೆಯಾಡಿಸಿದ. ಹೋದ ವರ್ಷ ಊಟ ಬಿಟ್ಟು ಕೂತಿದ್ದ ಮುಖವೇ ಮತ್ತೆ ಎದುರಿಗಿತ್ತು. ಈ ಸಲ ರೋಗದ ಹೆಸರು ಗಂಡ! ಅವನಿಗೆ ಅಳುವೇ ಬಂತು.

ಅವಳು ಎರಿಗಳನ್ನು ಒಂದೊಂದಾಗಿ ಎತ್ತಿದಳು. ಕೊನೆಯದನ್ನು ಎತ್ತಿದವಳು ಹಾಗೇ ನಿಂತಳು. ಅಲ್ಲಿ ಒಂದು ತೊಟ್ಟಿಲು ಉಳಿದಿತ್ತು. ಅದರ ತುದಿ ಡಬ್ಬಿಯ ಮುಚ್ಚಳದಂತೆ ದುಂಡಗೆ ತೆರೆದಿತ್ತು. ಪಕ್ಕದಲ್ಲೇ ನೀಳ ಮೈಯ ಎಳೆಯ ರಾಣಿ ಓಡಾಡುತ್ತಿತ್ತು.

"ಹುಟ್ಟಿದಾಳೆ ಕಣ್ರೀ!" ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಅಲ್ಲಾ, ಇದೊಂದನ್ನ ಹೇಗೆ ಬಿಟ್ರಿ?"

ಅವನು ರೆಪ್ಪೆ ಮುಟ್ಟಿಕೊಂಡ. "ಆ ಹೊತ್ತಿಗೆ ಈ ಕಣ್ಣು ಮುಚ್ಚಿಹೋಗಿತ್ತು ಕಣೇ."

"ಹಾಗಾದ್ರೆ ಮುಂದಿನ ಸಲ ಎರಡೂ ಕಣ್ಣಿಗೆ ಕುಟುಕಿಸ್ಕೊಳ್ಳಿ," ಎಂದಳು. "ನಾಲ್ಕು ಗೂಡಾಗುತ್ತೆ!"