ಸಣ್ಣತಾಯಮ್ಮನ ಹಂಡೆ, ಅರಮನೆಯ ಗೋಡೆ

ಬಹಳ ಹಿಂದೆ, ಕಳ್ಳರಿಗೂ ತುಸು ನಾಚಿಕೆಯಿದ್ದ ಕಾಲದಲ್ಲಿ, ನಿಶ್ಚಿಂತಾಪುರ ಎಂಬ ಒಂದು ರಾಜ್ಯವಿತ್ತು. ರಾಜ್ಯ ಎಂದ ಕೂಡಲೆ ಓದುಗ ಮಹಾಶಯರು ಕೋಟೆ ಕೊತ್ತಲ, ಆನೆ ಕುದುರೆ ಎಂದು ಎಲ್ಲೆಲ್ಲಿಗೋ ಹೋಗಬೇಡಿ. ಮುನ್ನೂರು ಮನೆ, ಒಂದು ಕೆರೆ, ಒಂದು ಅರಮನೆ, ಅಷ್ಟೆ. ಮೂಡಣ ಗಡಿಯಲ್ಲಿ ಒಗ್ಗರಣೆ ಹಾಕಿದರೆ ಪಡುವಣ ಗಡಿಯಲ್ಲಿ ಸೀನು ಬರುತ್ತಿತ್ತು.

ಆ ರಾಜ್ಯದಲ್ಲಿ ಮುತ್ತಾತಂದಿರ ಕಾಲದಿಂದ ಒಂದು ಪದ್ಧತಿ. ಯಾರ ಮನೆಯಲ್ಲಿ ಏನು ಕಳುವಾದರೂ ಅವರು ಒಂದು ಹಿಡಿ ಕೆಮ್ಮಣ್ಣು ಕಲಸಿಕೊಂಡು ಹೋಗಿ, ಅರಮನೆಯ ಹೊರಗೋಡೆಯ ಮೇಲೆ ಕಳೆದ ವಸ್ತುವಿನ ಚಿತ್ರ ಬರೆಯಬೇಕು. ಕೋಳಿ ಹೋದರೆ ಕೋಳಿ, ಕೊಡಲಿ ಹೋದರೆ ಕೊಡಲಿ. ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ. ಒಬ್ಬರ ಮೇಕೆಯನ್ನು ಊರೆಲ್ಲ ಮಂಚವೆಂದು ತಿಳಿದು ಒಂದು ವಾರ ಹುಡುಕಿದ್ದೂ ಉಂಟು. ಕೆರೆಗೆ ಹೋಗುವ ದಾರಿ ಆ ಗೋಡೆಯ ಪಕ್ಕದಲ್ಲೇ ಇತ್ತು. ಕದ್ದವನೂ ನೀರು ಕುಡಿಯಬೇಕಲ್ಲ. ಹೋಗುತ್ತ ಬರುತ್ತ, ತಾನು ಸಾರು ಮಾಡಿ ಉಂಡ ಕೋಳಿ ಗೋಡೆಯ ಮೇಲಿಂದ ತನ್ನನ್ನೇ ನೋಡುವುದನ್ನು ತಾಳಲಾರದೆ, ನಾಲ್ಕನೆಯ ದಿನಕ್ಕೆ ಅವನು ಆ ಮನೆಯ ಹಿತ್ತಲಿಗೆ ಇನ್ನೊಂದು ಕೋಳಿ ಬಿಟ್ಟು ಹೋಗುತ್ತಿದ್ದ. ವಸ್ತು ಸಿಕ್ಕಿದ ಮೇಲೆ ಒಡೆಯರೇ ಬಂದು ಚಿತ್ರದ ಮೇಲೆ ಸುಣ್ಣ ಬಳಿಯುತ್ತಿದ್ದರು. ಗಸ್ತು ತಿರುಗಲು ಹನ್ನೆರಡು ಮಂದಿ ಕಾವಲುಗಾರರೂ ಇದ್ದರು. ರಾಜ ನಿಶ್ಚಿಂತವರ್ಮ ಏನೂ ಮಾಡುತ್ತಿರಲಿಲ್ಲವಾದ್ದರಿಂದ ರಾಜ್ಯ ಚೆನ್ನಾಗಿಯೇ ನಡೆಯುತ್ತಿತ್ತು.

ಅಲ್ಲಿ ಸಣ್ಣತಾಯಮ್ಮ ಎಂಬ ಹೆಂಗಸಿದ್ದಳು. ಬಾಣಂತಿಯರಿಗೂ ಹಸುಗೂಸುಗಳಿಗೂ ಎಣ್ಣೆನೀರು ಹಾಕುವುದು ಅವಳ ಕಸುಬು. ಎಂಟು ಕೊಡ ನೀರು ಹಿಡಿಯುವ ಒಂದು ತಾಮ್ರದ ಹಂಡೆ ಅವಳ ಬಂಡವಾಳ. ಹಂಡೆಯ ಕಂಠದ ಸುತ್ತ ‘ಸೊಸೆ ಸಣ್ಣತಾಯಿಗೆ ಅತ್ತೆ ಹುಚ್ಚಮ್ಮ ಕೊಟ್ಟಿದ್ದು’ ಎಂದು ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿತ್ತು. ಅತ್ತೆ ಆಯುಷ್ಯದಲ್ಲಿ ಕೊಟ್ಟ ವಸ್ತು ಅದೊಂದೇ. ಮಿಕ್ಕಿದ್ದೆಲ್ಲ ಬರೀ ಮಾತು. ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಹಂಡೆ ಹೋಗುತ್ತಿತ್ತು, ಹಿಂದೆ ಅವಳು ಹೋಗುತ್ತಿದ್ದಳು. ಮಹಾರಾಜ ನಿಶ್ಚಿಂತವರ್ಮನು ಈ ಲೋಕದಲ್ಲಿ ಮೊದಲ ಸಲ ಕಿರುಚಿಕೊಂಡದ್ದು ಕೂಡ ಅದೇ ಹಂಡೆಯ ನೀರು ಮೈಮೇಲೆ ಬಿದ್ದಾಗ.

ಈಗ ಅವಳ ಸ್ವಂತ ಮಗಳು ಮಾದೇವಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ದಿನ ತುಂಬಿತ್ತು, ಇವತ್ತೋ ನಾಳೆಯೋ ಎನ್ನುವಂತಿತ್ತು. ಊರಿನ ಮಕ್ಕಳಿಗೆಲ್ಲ ನೀರೆರೆದ ಕೈ, ಇನ್ನು ತನ್ನ ಮೊಮ್ಮಗುವಿಗೆ ಎರೆಯಬೇಕು. ಆ ಮಂಗಳವಾರ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರೆ ಮೂರು ಕಲ್ಲಿನ ಒಲೆಯಿತ್ತು, ಬೂದಿಯಿತ್ತು. ಹಂಡೆ ಇರಲಿಲ್ಲ.

ಸಣ್ಣತಾಯಮ್ಮ ಅಳುತ್ತ ಕೂರುವ ಪೈಕಿ ಅಲ್ಲ. ಬಟ್ಟಲಲ್ಲಿ ಕೆಮ್ಮಣ್ಣು ಕಲಸಿಕೊಂಡು ಗೋಡೆಯ ಬಳಿಗೆ ಹೋದಳು. ಹೋದವಳು ಹಾಗೇ ನಿಂತಳು. ನಿನ್ನೆಯವರೆಗೆ ಕೋಳಿ, ಚಪ್ಪಲಿ, ಒನಕೆ, ಕಂಬಳಿಗಳಿಂದ ತುಂಬಿದ್ದ ಗೋಡೆ ಈಗ ಹಾಲಿನ ಹಾಗೆ ಬೆಳ್ಳಗಿತ್ತು. ಹನ್ನೆರಡು ಮಂದಿ ಕಾವಲುಗಾರರೂ ಭರ್ಜಿ ಬದಿಗಿಟ್ಟು, ಕುಂಚ ಹಿಡಿದು, ಸುಣ್ಣ ಬಳಿಯುತ್ತಿದ್ದರು. ಕಾವಲುಗಾರರ ಮುಖ್ಯಸ್ಥ ಮಾರನಾಯ್ಕ ಏಣಿಯ ಮೇಲಿದ್ದ. ಅವನ ಇಬ್ಬರು ಮಕ್ಕಳಿಗೂ ನೀರೆರೆದವಳು ಇವಳೇ. ಎಲ್ಲರ ಚಿತ್ರಗಳೂ ಅಳಿಸಿಹೋಗಿವೆಯಲ್ಲ, ಎಲ್ಲರ ಸಾಮಾನೂ ಸಿಕ್ಕಿತೇ ಎಂದು ಅವಳು ಕೇಳಿದ್ದಕ್ಕೆ ಅವನು ಅರಮನೆಯ ಸಮಾಚಾರವನ್ನೆಲ್ಲ ಹೇಳಿದ.

ಆದದ್ದಿಷ್ಟು. ಪಕ್ಕದ ಚಕ್ರವರ್ತಿಗಳು ತಮ್ಮ ಸಾಮಂತ ರಾಜ್ಯಗಳಿಗೆಲ್ಲ ಒಂದು ಸ್ಪರ್ಧೆ ಇಟ್ಟಿದ್ದರು. ಯಾವ ರಾಜ್ಯದಲ್ಲಿ ಅಪರಾಧ ಅತಿ ಕಡಿಮೆಯೋ ಅದರ ರಾಜನಿಗೆ ‘ಸುರಕ್ಷಾ ಕಿರೀಟ’. ನಿಶ್ಚಿಂತವರ್ಮನಿಗೆ ಅದುವರೆಗೆ ಬಂದಿದ್ದ ಕಿರೀಟ ಅಪ್ಪ ಸತ್ತದ್ದಕ್ಕೆ ಬಂದದ್ದು. ಗೆದ್ದು ತಂದದ್ದು ಎಂದು ಒಂದಿರಲಿ ಎಂಬ ಆಸೆ. ಅಂಕಿಅಂಶ ಖಾತೆಯ ಮಂತ್ರಿ ಅಂಕಶೇಖರರು ಮೂರು ದಿನ ಪಲ್ಲಕ್ಕಿಯಲ್ಲಿ ಕೂತು ರಾಜ್ಯವನ್ನೆಲ್ಲ ಸರ್ವೆ ಮಾಡಿ, ತುಂಬಿದ ಸಭೆಯಲ್ಲಿ ವರದಿ ಮಂಡಿಸಿದರು: ಬೀದಿಗಳಲ್ಲಿ ಕಂಡ ಕಳವು ಸೊನ್ನೆ, ಅಂಗಡಿಗಳಲ್ಲಿ ಸೊನ್ನೆ, ಹೊಲಗದ್ದೆಗಳಲ್ಲಿ ಸೊನ್ನೆ, ಅರಮನೆಯ ಹೊರಗೋಡೆಯ ಮೇಲೆ ಮಾತ್ರ ನಲವತ್ತೊಂದು. ಆದುದರಿಂದ ರಾಜ್ಯದ ಅಪರಾಧವೆಲ್ಲ ನೂರಕ್ಕೆ ನೂರು ಪಾಲು ನಡೆಯುತ್ತಿರುವುದು ಈ ಗೋಡೆಯ ಮೇಲೆಯೇ. ಗೋಡೆ ಹತೋಟಿಗೆ ಬಂದರೆ ರಾಜ್ಯ ಹತೋಟಿಗೆ ಬಂದಂತೆ. ಆಸ್ಥಾನ ತಲೆದೂಗಿತು. ಗಸ್ತು ರದ್ದಾಯಿತು. ಕಾವಲುಗಾರರಿಗೆ ‘ಶ್ವೇತಪಡೆ’ ಎಂದು ಹೆಸರಿಟ್ಟು ಎರಡು ದಿನ ಟ್ರೈನಿಂಗ್ ಕೊಟ್ಟು ಕುಂಚ ಹಿಡಿಸಿದರು. ಅಷ್ಟು ಸುಣ್ಣ ಕಲಸಲು ದೊಡ್ಡ ಪಾತ್ರೆಗಳು ಬೇಕಲ್ಲ. ಯಾರು ತಂದರೂ, ಎಲ್ಲಿಂದ ತಂದರೂ, ಏನೂ ಕೇಳದೆ ಉಗ್ರಾಣದವರು ಕೊಳ್ಳುತ್ತಾರೆಂದು ಡಂಗುರ ಸಾರಿಸಿದರು. ಇದಕ್ಕೆ ‘ಸರಳೀಕೃತ ಖರೀದಿ’ ಎಂದು ಹೆಸರು.

ಸಣ್ಣತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಅದೇನಾದರೂ ಆಗಲಿ ಎಂದು ಗೋಡೆಯ ಮೇಲೆ ತನ್ನ ಹಂಡೆಯ ಹೊಟ್ಟೆಯನ್ನು ಗುಂಡಗೆ ಬರೆದಳು. ಕಂಠ ಬರೆಯುವಷ್ಟರಲ್ಲಿ ಮಾರನಾಯ್ಕ ಇಳಿದು ಬಂದು ಹೊಟ್ಟೆಗೆ ಸುಣ್ಣ ಬಳಿದ. ಅವಳು ಮತ್ತೆ ಹೊಟ್ಟೆ ಬರೆದಳು. ಅವನು ಕಂಠಕ್ಕೆ ಬಳಿದ.

“ಅಲ್ಲ ಕಣೋ ಮಾರ, ನಿನ್ ಮಕ್ಳಿಗೆ ನೀರ್ ಹುಯ್ದಿದ್ ಹಂಡೆ ಕಣೋ ಇದು. ಬರಿಯಕ್ಕೂ ಬಿಡಾಕಿಲ್ವಾ?”

“ಬರಿ ಸಣ್ತಾಯಕ್ಕ, ನಾನೇನ್ ಬ್ಯಾಡ ಅಂದ್ನಾ? ಬರಿಯೋದ್ ನಿನ್ ಕೆಲ್ಸ, ಬಳಿಯೋದ್ ನನ್ ಕೆಲ್ಸ. ಇಬ್ರೂ ಮಾಡ್ಕೊಂಡು ಹೋಗಾನ.”

ಹೀಗೆ ಹೇಳಿ ಅವನು ಕುಂಚ ಅದ್ದಲು ಹಿಂದಕ್ಕೆ ಬಾಗಿದ. ಅವಳ ಕಣ್ಣೂ ಕುಂಚದ ಹಿಂದೆ ಹೋಯಿತು. ಸುಣ್ಣದ ತಿಳಿ ತುಂಬಿಕೊಂಡು ಕೂತಿದ್ದ ಪಾತ್ರೆಯ ಕಂಠವನ್ನು ಅವಳು ಸೆರಗಿನಿಂದ ಒರೆಸಿದಳು. ಒಣಗಿದ ಸುಣ್ಣದ ಕೆಳಗಿನಿಂದ ಅತ್ತೆ ಹುಚ್ಚಮ್ಮ ಒಂದೊಂದೇ ಚುಕ್ಕಿಯಾಗಿ ಎದ್ದು ಬಂದಳು.

ಕದ್ದವನು ಯಾರೆಂದು ಕೇಳುವ ಹಾಗೇ ಇರಲಿಲ್ಲ. ಉಗ್ರಾಣದವರು ಕೇಳದೆಯೇ ಕೊಂಡಿದ್ದರು. ಮಾರನಾಯ್ಕ ತಲೆ ಕೆರೆದುಕೊಂಡು, ಇದು ತನ್ನ ಮಟ್ಟದಲ್ಲಿ ತೀರ್ಮಾನ ಆಗುವ ವಿಷಯವಲ್ಲವೆಂದು ಹಂಡೆಯನ್ನೂ ಅವಳನ್ನೂ ಆಸ್ಥಾನಕ್ಕೆ ಕರೆದುಕೊಂಡು ಹೋದ.

ಅಲ್ಲಿ ಅಂಕಶೇಖರರು ಹಂಡೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಕಳುವಾಗಿದೆ ಎನ್ನುವ ವಸ್ತು ಎಲ್ಲರ ಕಣ್ಣೆದುರಿಗೇ ಇದೆಯಲ್ಲ, ಇರುವುದು ಕಳೆದುಹೋಗುವುದು ಹೇಗೆ ಎಂದು ಕೇಳಿದರು. ಸಣ್ಣತಾಯಮ್ಮ ಹೆಸರು ತೋರಿಸಿದಳು. ಮಂತ್ರಿಗಳು ಬಗ್ಗಿ, ಗಟ್ಟಿಯಾಗಿ ಓದಿ, ನೆಟ್ಟಗಾದರು.

“ಕೊಟ್ಟಿದ್ದು ಎಂದಿದೆ, ಪ್ರಭು. ಕದ್ದದ್ದು ಎಂದು ಎಲ್ಲಿಯೂ ಬರೆದಿಲ್ಲ.”

ಆಸ್ಥಾನದ ಪಂಡಿತರು ಇಂಥ ಸೂಕ್ಷ್ಮದೃಷ್ಟಿ ಕಳೆದ ನೂರು ವರ್ಷಗಳಲ್ಲಿ ಕಂಡಿಲ್ಲವೆಂದರು. ಆದರೆ ರಾಜ ಹಂಡೆಯನ್ನೇ ನೋಡುತ್ತಿದ್ದ. ಅವನು ಕೆಟ್ಟವನಲ್ಲ. ಆ ಹಂಡೆಯ ಕತೆಯನ್ನು ತಾಯಿಯ ಬಾಯಲ್ಲಿ ಹತ್ತು ಸಲ ಕೇಳಿದ್ದ. ಇದು ಅವಳದೇ, ಕೊಟ್ಟುಬಿಡಿ, ಪಾಪ ಎಂದ. ಸಣ್ಣತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಂಡೆಯ ಕಿವಿಗೆ ಕೈ ಹಾಕಿಯೇ ಬಿಟ್ಟಿದ್ದಳು.

“ಕೊಡಬಹುದು, ಪ್ರಭು,” ಎಂದರು ಅಂಕಶೇಖರರು ಬಹಳ ವಿನಯದಿಂದ. “ಕೊಟ್ಟರೆ ಕಳೆದದ್ದು ಸಿಕ್ಕಿತು ಎಂದಾಗುತ್ತದೆ. ಸಿಕ್ಕಬೇಕಾದರೆ ಮೊದಲು ಕಳುವಾಗಿರಬೇಕು. ಈಗ ನಮ್ಮ ಅಂಕಿ ಸೊನ್ನೆ. ಸೊನ್ನೆಯ ಪಕ್ಕದಲ್ಲಿ ಕಿರೀಟವಿದೆ. ಒಂದರ ಪಕ್ಕದಲ್ಲಿ ಈ ಹಂಡೆಯಿದೆ. ತಮ್ಮ ಚಿತ್ತ.”

ರಾಜ ಹಂಡೆಯನ್ನು ನೋಡಿದ. ಆಮೇಲೆ ಒಂದು ಸಲ ತನ್ನ ತಲೆ ಮುಟ್ಟಿ ನೋಡಿಕೊಂಡ.

ಸಣ್ಣತಾಯಮ್ಮನಿಗೆ ಮಾನಕ್ಕಿಂತ ಮಗಳು ದೊಡ್ಡವಳು. “ಬುದ್ಧಿ, ಯಾರೂ ಕದ್ದಿಲ್ಲ ಅನ್ನಿ. ನಾನೇ ಮರ್ತು ಗ್ವಾಡೆ ತಾವ ಬಿಟ್ಟೋಗಿದ್ದೆ ಅಂತ ಬರ್ಕೊಳ್ಳಿ, ಹೆಬ್ಬೆಟ್ಟು ಒತ್ತೀನಿ. ಮಗ್ಳಿಗೆ ದಿನ ತುಂಬೈತೆ, ನೀರ್ ಕಾಯಿಸ್ಬೇಕು,” ಎಂದಳು.

ರಾಜನ ಮುಖ ಅರಳಿತು. ಅಂಕಶೇಖರರು ವಿಷಾದದಿಂದ ತಲೆಯಾಡಿಸಿದರು. ಅರಮನೆಯ ಜಾಗದಲ್ಲಿ ಖಾಸಗಿ ಹಂಡೆ ಬಿಟ್ಟುಹೋಗುವುದು ಒತ್ತುವರಿ, ಒತ್ತುವರಿಯೂ ಅಪರಾಧವೇ, ಅಂಕಿ ಮತ್ತೆ ಒಂದಾಯಿತು. ಕೊನೆಗೆ ರಾಜ ಅತ್ಯಂತ ಮೃದುವಾಗಿ, ಸ್ಪರ್ಧೆ ಮುಗಿಯಲಿ ತಾಯಿ, ಆಮೇಲೆ ನೋಡೋಣ ಎಂದು, ‘ಈ ಮಹಿಳೆಯು ಸುರಕ್ಷಿತಳಾಗಿದ್ದಾಳೆ’ ಎಂಬ ಮೊಹರು ಹಾಕಿದ ಪತ್ರವೊಂದನ್ನು ಕೊಡಿಸಿದ. ಸಣ್ಣತಾಯಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದರಲ್ಲಿ ನೀರು ಕಾಯುವಂತಿರಲಿಲ್ಲ.

ಮಾರನೆಯ ದಿನವೇ ಮಾದೇವಿ ಹೆತ್ತಳು. ಹೆಣ್ಣುಮಗು. ಎಂಟು ಮನೆಯವರು ತಮ್ಮ ತಮ್ಮ ಒಲೆಯಲ್ಲಿ ಒಂದೊಂದು ಕೊಡ ನೀರು ಕಾಯಿಸಿ ತಂದುಕೊಟ್ಟರು. ಎಂಟನೆಯ ಕೊಡ ಬರುವ ಹೊತ್ತಿಗೆ ಮೊದಲನೆಯದು ತಣ್ಣಗಾಗಿತ್ತು. ಕೂಸನ್ನು ಒಂದು ಪುಟ್ಟ ಚೆಂಬಿನಲ್ಲಿ ಎರೆದೆರೆದು ಮೀಯಿಸಿದ್ದಾಯಿತು. ಬಾಣಂತಿಗೆ ಬೆನ್ನಿಗೆ ಹುಯ್ಯುವಷ್ಟು ಬಿಸಿನೀರು ಉಳಿಯಲಿಲ್ಲ. ಊರಲ್ಲಿ ಗಸ್ತು ನಿಂತಿದ್ದರಿಂದ ಕಳ್ಳರಿಗೂ ಪುರುಸೊತ್ತಿರಲಿಲ್ಲ. ನೀರು ತಂದ ಎಂಟು ಕೊಡಗಳಲ್ಲಿ ಎರಡು ವಾಪಸು ಹೋಗುವ ದಾರಿಯಲ್ಲೇ ಮಾಯವಾದವು.

ಆ ವಾರವೇ ಚಕ್ರವರ್ತಿಗಳ ಪರೀಕ್ಷಕರೊಬ್ಬರು ಬಂದರು. ಜನರೆಲ್ಲ ಗೋಡೆಯ ಬಳಿ ಸೇರಿದರು. ಸಣ್ಣತಾಯಮ್ಮನೂ ಬಂದಳು, ಸೆರಗಿನೊಳಗೆ ಕೆಮ್ಮಣ್ಣಿನ ಬಟ್ಟಲು. ಪರೀಕ್ಷಕರು ಆ ಗೋಡೆಯ ಬಿಳುಪಿಗೆ ಕಣ್ಣು ಕಿರಿದು ಮಾಡಿ, ಅಪರಾಧ ಸೊನ್ನೆ ಎಂದು ಬರೆದುಕೊಂಡು, ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಫಲಾಹಾರಕ್ಕೆ ಒಳಗೆ ಹೋದರು. ತಿರುಗಿ ಬಂದಾಗ ಮೆಟ್ಟಿಲಿತ್ತು, ಚಪ್ಪಲಿ ಇರಲಿಲ್ಲ.

ಮಟಮಟ ಮಧ್ಯಾಹ್ನ. ಅಂಗಳದ ಮರಳು ಹುರಿಯುವ ಬಾಣಲೆಯಂತಿತ್ತು. ಸಣ್ಣತಾಯಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದು, ಕೆಮ್ಮಣ್ಣಿನ ಬಟ್ಟಲನ್ನು ಅವರ ಮುಂದೆ ಹಿಡಿದಳು.

“ಬರೀರಿ ಸ್ವಾಮಿ. ನಿಮ್ ಚಪ್ಲಿ ನೀವ್ ಬರೀರಿ, ಪಕ್ದಲ್ಲಿ ನನ್ ಹಂಡೆ ನಾನ್ ಬರೀತೀನಿ. ನೀವ್ ಬರುದ್ರೆ ಯಾರೂ ಅಳಿಸಾಕಿಲ್ಲ.”

ಪರೀಕ್ಷಕರು ಬಟ್ಟಲನ್ನು ನೋಡಿದರು. ಆಗಲೇ ಸೊನ್ನೆ ಬರೆದು ಸಹಿ ಹಾಕಿದ್ದ ವರದಿಯನ್ನು ನೋಡಿದರು. ತಾವೇ ಸುರಕ್ಷಿತ ಎಂದು ಬರೆದ ಊರಿನಲ್ಲಿ ತಮ್ಮದೇ ಚಪ್ಪಲಿ ಹೋಯಿತೆಂದರೆ ಚಕ್ರವರ್ತಿಗಳು ಮೊದಲು ನಗುತ್ತಾರೆ, ಆಮೇಲೆ ನಗುವುದಿಲ್ಲ. ಅಂಕಶೇಖರರು ಅವರ ಕಷ್ಟ ಬಲ್ಲವರಾಗಿ ಕೈಮುಗಿದು, ಪೂಜ್ಯರು ಬರಿಗಾಲಲ್ಲೇ ದಯಮಾಡಿಸಿದ್ದು ಎಂಥ ಸರಳತೆ ಎಂದರು.

“ಹೌದು,” ಎಂದರು ಪರೀಕ್ಷಕರು, ಒಂದು ಕಾಲು ಎತ್ತಿ ಇನ್ನೊಂದು ಊರುತ್ತ. “ನಾನು ಓಡಾಡುವುದು ಬರಿಗಾಲಲ್ಲೇ.”

ಹಾಗೆ ಹೇಳಿ ಕುಣಿಯುತ್ತ ಹೋಗಿ ಪಲ್ಲಕ್ಕಿ ಏರಿದರು. ಸಣ್ಣತಾಯಮ್ಮನ ಕೈಯಲ್ಲಿ ಬಟ್ಟಲು ಹಾಗೇ ಉಳಿಯಿತು.

ಹದಿನೈದು ದಿನಕ್ಕೆ ಕಿರೀಟ ಬಂತು. ನಿಶ್ಚಿಂತವರ್ಮನಿಗೆ ಮಹೋತ್ಸವದಲ್ಲಿ ಅದನ್ನು ತೊಡಿಸಿದರು. ಅಂಕಶೇಖರರಿಗೆ ‘ಶೂನ್ಯರತ್ನ’ ಎಂಬ ಬಿರುದಾಯಿತು. ಗಸ್ತಿಲ್ಲದ ಊರಿನಲ್ಲಿ ಅಂಥ ಕಿರೀಟವನ್ನು ಎಲ್ಲಿ ಇಡುವುದೆಂದು ತಿಳಿಯದೆ, ರಾಜ ಅದನ್ನು ಗದ್ದದ ಕೆಳಗೆ ದಾರ ಕಟ್ಟಿಕೊಂಡೇ ಮಲಗತೊಡಗಿದ. ಸ್ಪರ್ಧೆ ಮುಗಿಯಿತಲ್ಲ ಎಂದು ಸಣ್ಣತಾಯಮ್ಮ ಅರಮನೆಗೆ ಹೋದಳು. ಸ್ಪರ್ಧೆ ಇನ್ನು ಮೇಲೆ ಪ್ರತಿ ವರ್ಷವೂ ಇರುತ್ತದೆಂದು ಬಾಗಿಲಲ್ಲೇ ತಿಳಿಸಿದರು. ಅದರ ಬೆನ್ನಿಗೇ ರಾಜಾಜ್ಞೆ ಹೊರಟಿತು: ಕಿರೀಟ ಉಳಿಸಿಕೊಳ್ಳಲು ಗೋಡೆಯನ್ನು ದಿನಕ್ಕೆ ಮೂರು ಸಲ ಬಳಿಯಬೇಕಾಗಿರುವುದರಿಂದ, ಪ್ರತಿ ಮನೆಯವರೂ ಸುಣ್ಣ ಕಲಸಲು ಒಂದೊಂದು ಪಾತ್ರೆಯನ್ನು ಸಂತೋಷದಿಂದ ಒಪ್ಪಿಸತಕ್ಕದ್ದು. ಸಂತೋಷವನ್ನು ಪರಿಶೀಲಿಸಲಾಗುವುದು.

ಪಾತ್ರೆ ವಸೂಲಿಗೆ ಮಾರನಾಯ್ಕನೇ ಬಂದ. ಸಣ್ಣತಾಯಮ್ಮ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿಕೊಂಡು ಚೆಂಬಿನಿಂದ ನೀರೆರೆಯುತ್ತಿದ್ದಳು. ನಮ್ಮ ಮನೆಯದು ಆಗಲೇ ಅರಮನೆಯಲ್ಲಿದೆ ಎಂದಳು, ತಲೆ ಎತ್ತದೆ.

“ಅದು ಲೆಕ್ಕಕ್ ಬರಾಕಿಲ್ಲ ಅಕ್ಕ,” ಎಂದ ಮಾರನಾಯ್ಕ, ನೆಲ ನೋಡುತ್ತ. “ಅದು ನಿಂದು ಅಂತ ಎಲ್ಲೂ ಇಲ್ವಲ್ಲ.”

ಮನೆಯಲ್ಲಿ ಉಳಿದಿದ್ದು ಆ ಚೆಂಬು. ಅವಳು ಕೊನೆಯ ನೀರನ್ನು ಕೂಸಿನ ನೆತ್ತಿಗೆ ಹುಯ್ದು, ಚೆಂಬನ್ನು ಒರೆಸಿ, ಮುಂದಕ್ಕೆ ಇಟ್ಟಳು. ಕೂಸನ್ನು ಮಾದೇವಿಯ ಕೈಗೆ ಕೊಟ್ಟು ಎದ್ದು ಒಳಗೆ ಹೋದಳು. ಅಡುಗೆಮನೆಯ ಒಳಗೋಡೆಯ ಮೇಲೆ ಆಗಲೇ ಒಂದು ಕೆಮ್ಮಣ್ಣಿನ ಹಂಡೆಯಿತ್ತು, ಕಂಠದ ಸುತ್ತ ಚುಕ್ಕಿಗಳ ಸಮೇತ. ಅದರ ಪಕ್ಕದಲ್ಲಿ ನೆರೆಯವರ ಕಳೆದುಹೋದ ಎರಡು ಕೊಡಗಳಿದ್ದವು. ಅವಳು ಅಲ್ಲೊಂದು ಚೆಂಬು ಬರೆದಳು.

ಮಾರನಾಯ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕುಂಚ ಅವನ ಕಂಕುಳಲ್ಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅದನ್ನು ಹೊಸ್ತಿಲ ಹೊರಗೆ ಇಟ್ಟು, ಒಳಗೆ ಬಂದು, ಸುಣ್ಣ ತಿಂದು ಬಿರಿದಿದ್ದ ಬೆರಳನ್ನು ಅವಳ ಬಟ್ಟಲಿಗೆ ಅದ್ದಿದ. ಚೆಂಬಿನ ಕೆಳಗೆ ನಿಧಾನವಾಗಿ ಒಂದು ಮೇಕೆ ಬರೆದ. ಮೊನ್ನೆ ಹೋಯಿತು, ಹಾಲು ಕೊಡುತ್ತಿದ್ದದ್ದು ಎಂದ.

“ಗುರ್ತು ಸಿಕ್ತದಾ ಅಕ್ಕ?”

ಸಣ್ಣತಾಯಮ್ಮ ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿ, ಕೊಂಬು ಇಡದಿದ್ದರೆ ಜನ ಮಂಚ ಅಂದುಕೊಳ್ಳುತ್ತಾರೆ ಎಂದಳು. ಅವನು ಎರಡು ಕೊಂಬು ಇಟ್ಟ. ಪಂಚೆಗೆ ಬೆರಳು ಒರೆಸಿಕೊಂಡ. ಆಮೇಲೆ ಚೆಂಬನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು, ಕುಂಚ ಕಂಕುಳಲ್ಲಿಟ್ಟು, ಮುಂದಿನ ಮನೆಯ ಬಾಗಿಲಿಗೆ ಹೋದ.