ಎಲ್ಲಿಗೂ ಹೋಗದ ನಮ್ಮ ಮಾವ

ನನಗೆ ಬುದ್ಧಿ ಬಂದಾಗಿನಿಂದ ನನ್ನ ಸೋದರಮಾವ ಒಮ್ಮೆಯೂ ಎಲ್ಲಿಗೂ ಹೋದವರಲ್ಲ! ಹಾಗೆಂದ ಕೂಡಲೇ ಹಾಸಿಗೆ ಹಿಡಿದವರೇನೋ ಪಾಪ, ಎಂದು ಮರುಗಬೇಡಿ. ಬೊಂಬಾಯಿಯ ಮುಲುಂಡಿನ ನಮ್ಮ ಬಿಲ್ಡಿಂಗಿನ ಮೂರು ಮಾಳಿಗೆಯನ್ನು ದಡದಡ ಇಳಿದು, ಬೆಳಿಗ್ಗೆ ಏಳಕ್ಕೆಲ್ಲ ಫ್ಯಾಕ್ಟರಿ ಸೇರುತ್ತಿದ್ದ ಗಟ್ಟಿ ಆಸಾಮಿ. ಆದರೆ ಅವರು ಎಲ್ಲಿಗೂ ‘ಹೋಗು’ತ್ತಿರಲಿಲ್ಲ. ‘ಬರು’ತ್ತಿದ್ದರು, ಅಷ್ಟೆ.

‘ಹೋಗು’ ಎಂಬ ಮಾತೇ ಅವರ ಮನೆಯಲ್ಲಿ ನಿಷಿದ್ಧ. ಹೊರಡುವಾಗ ‘ಬರ್ತೇನೆ’ ಅನ್ನುವುದು ನಮ್ಮವರೆಲ್ಲರ ಪದ್ಧತಿಯೇ, ಅದರಲ್ಲೇನು ವಿಶೇಷ ಎನ್ನುತ್ತೀರಾ? ಮಾವ ಅದನ್ನು ಹೊಸ್ತಿಲಿಗೇ ಬಿಟ್ಟು ಸುಮ್ಮನಾಗಲಿಲ್ಲ, ನೋಡಿ. ನಾವು ಮಕ್ಕಳು ‘ಕರೆಂಟ್ ಹೋಯ್ತು!’ ಎಂದು ಕೂಗಿದರೆ, ‘ಕತ್ತಲೆ ಬಂತು ಅನ್ನಿ’ ಎಂದು ಕತ್ತಲೆಯಲ್ಲೇ ತಿದ್ದುತ್ತಿದ್ದರು. ಅತ್ತೆ ‘ಹಾಲು ಒಡೆದು ಹೋಯ್ತಲ್ಲಾ’ ಎಂದು ಹಣೆ ಚಚ್ಚಿಕೊಂಡರೆ, ‘ಹಾಲಿಗೆ ಒಡೆಯುವ ಕಾಲ ಬಂತು’ ಎನ್ನಬೇಕು! ‘ಹೋಗು’ ಇಲ್ಲದೆ ಕನ್ನಡದಲ್ಲಿ ಒಂದು ಲೋಟ ಒಡೆಯುವುದೂ ಕಷ್ಟ. ಆದರೂ ಆ ಮನೆಯಲ್ಲಿ ಲೋಟಗಳು ಒಡೆಯುತ್ತಿದ್ದವು, ಹಾಲು ಕೆಡುತ್ತಿತ್ತು, ಸಂಸಾರ ನಡೆಯುತ್ತಿತ್ತು.

ಕೆಳಗಿನ ಮಾಳಿಗೆಯಲ್ಲಿ ಗದಗದ ಕಡೆಯವರೊಬ್ಬರಿದ್ದರು. ಒಂದು ಸಂಜೆ ಮಾತಾಡಲು ಬಂದವರು, ಎದ್ದು ನಿಂತು “ನಾ ಇನ್ನ ಹೋಗ್ತೀನ್ರಿ” ಅಂದರು. ಮಾವ ಅವರನ್ನು ಮತ್ತೆ ಕೂರಿಸಿ ಚಹಾ ತರಿಸಿದರು. ಕುಡಿದರು, ಎದ್ದರು, “ಹೋಗ್ತೀನ್ರಿ” ಅಂದರು. ಮತ್ತೆ ಚಹಾ! ಮೂರನೆಯ ಲೋಟ ಮುಗಿದ ಮೇಲೆ ಅತ್ತೆಯೇ ಕನಿಕರದಿಂದ ಗುಟ್ಟು ಬಿಟ್ಟುಕೊಟ್ಟರು. ಆ ಪುಣ್ಯಾತ್ಮ ಕೈಮುಗಿದು, “ಬರ್ತೀನ್ರಿ ಸರ. ಆದ್ರ ಚಾ ಕುಡಿಯಾಕ ಮಾತ್ರ ಇನ್ನ ಬರಂಗಿಲ್ಲ ನೋಡ್ರಿ!” ಎಂದು ಮೆಟ್ಟಿಲಿಳಿದರು.

ಇಂಥ ಮನೆಯಲ್ಲಿ ನಾವು ಹನ್ನೊಂದು ವರ್ಷ ಇದ್ದೆವು. ಅಪ್ಪ, ಅಮ್ಮ, ನಾನು, ತಮ್ಮ. ಎರಡು ಕೋಣೆ, ಆರು ಜನ. ಮಾವ ಅತ್ತೆಗೆ ಮಕ್ಕಳಿರಲಿಲ್ಲ, ನಾವಿದ್ದೆವು. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅಪ್ಪನಿಗೆ ನಾಗಪುರಕ್ಕೆ ವರ್ಗವಾಯಿತು. ಅದನ್ನು ಮಾವನಿಗೆ ಹೇಳುವುದು ಹೇಗೆ? ಅಪ್ಪ ನಾಲ್ಕು ದಿನ ಯೋಚಿಸಿ, ಊಟದ ಹೊತ್ತಿಗೆ ತಲೆ ತಗ್ಗಿಸಿಕೊಂಡು, “ಭಾವ, ನಂಗೆ ಟ್ರಾನ್ಸ್‌ಫರ್ ಬಂದಿದೆ” ಅಂದರು. ನಿಯಮದ ಪ್ರಕಾರ ಸರಿಯಾದ ವಾಕ್ಯ! ಮಾವ ತುಂಬಾ ಹೊತ್ತು ಅನ್ನ ಕಲಸಿದರು. ಆಮೇಲೆ “ಬರಲಿ” ಅಂದರು. ಅಷ್ಟೇ. ನಾವು ರೈಲು ಹತ್ತುವ ದಿನಕ್ಕೆ ಐದು ದಿನ ಮೊದಲು, ಯಾರನ್ನೂ ಕೇಳದೆ, “ನಾಳೆಯಿಂದ ನಾಲ್ಕು ದಿನ ಮಾರ್ವೆಯಲ್ಲಿ ಸಮುದ್ರ” ಎಂದು ಘೋಷಿಸಿಬಿಟ್ಟರು. ಫ್ಯಾಕ್ಟರಿಯ ಗೆಳೆಯರೊಬ್ಬರಿಗೆ ಅಲ್ಲಿ ಕಡಲ ಬದಿಯಲ್ಲಿ ಒಂದು ಷ್ಯಾಕ್, ಅಂದರೆ ಗುಡಿಸಲಿನಂಥ ಮನೆ, ಇತ್ತು. ಪಾತ್ರೆಪಗಡಿ ಇನ್ನೂ ಕಟ್ಟಿಲ್ಲವೆಂದು ಅಮ್ಮ ಗೋಳಾಡಿದಳು. ಕೇಳುವವರು ಯಾರು?

ಮೂರು ದಿನ ಚೆನ್ನಾಗಿಯೇ ಕಳೆಯಿತು. ನಾನು ಹೇಳಬೇಕೆಂದಿರುವುದು ನಾಲ್ಕನೆಯ ದಿನದ ಮಾತು.

ಊಟ ಮುಗಿಸಿ ಹನ್ನೆರಡಕ್ಕೆ ಹೊರಡುವುದೆಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಹನ್ನೆರಡಕ್ಕೆ ಸರಿಯಾಗಿ ಮಾವನಿಗೆ ಜ್ಞಾನೋದಯವಾಯಿತು: ಕಾರಿನೊಳಗೆ ಮರಳು ಬರಬಾರದು! ಒಂದು ಬಾಲ್ದಿ ನೀರು ತಂದಿಟ್ಟು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ, ತಾವೇ ಕುಕ್ಕರಗಾಲಲ್ಲಿ ಕೂತು ಕಾಲು ತೊಳೆಯತೊಡಗಿದರು. ಬೆರಳಸಂದಿ ಬಿಡಿಸಿ, ಟವೆಲಿನಿಂದ ಒರೆಸಿ. ಬಾಲ್ದಿಯಿಂದ ಕಾರಿಗೆ ಹತ್ತು ಮಾರು ದೂರ. ಆ ಹತ್ತು ಮಾರೂ ಮರಳು! ನಾವು ನಡೆದು ಕಾರು ಮುಟ್ಟುವಷ್ಟರಲ್ಲಿ ಕಾಲು ಮೊದಲಿನ ಹಾಗೆಯೇ. ಮಾವ ಬಾಲ್ದಿಯನ್ನು ಕಾರಿನ ಹತ್ತಿರ ತರಬಹುದಿತ್ತಲ್ಲ? ತರಲಿಲ್ಲ. ಮತ್ತೆ ಕರೆದು ಮತ್ತೆ ತೊಳೆದರು.

“ಅಣ್ಣ, ನಂದು ಸಾಕು ಮಾರಾಯ, ನಾನೇನು ಸಣ್ಣ ಮಗುವಾ?” ಅಂದಳು ಅಮ್ಮ.

“ನಿಂದು ಹಿಮ್ಮಡಿಯಲ್ಲಿ ಇನ್ನೂ ಉಂಟು. ಸುಮ್ಮನೆ ನಿಲ್ಲು ತಂಗಿ” ಅಂದರು ಮಾವ. ಅಮ್ಮ ನಿಂತಳು. ನಾವು ಹೊರಟಾಗ ಎರಡು ಗಂಟೆ.

ಕಾರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ಯಾವ ಕಂಪನಿಯದೆಂದು ಕೇಳಿದರೆ ಮಾವ ತಬ್ಬಿಬ್ಬಾಗುತ್ತಿದ್ದರು. ಕುರ್ಲಾದ ಗುಜರಿ ಅಂಗಡಿಗಳಲ್ಲಿ ಎರಡು ವರ್ಷ ಅಲೆದು, ಬಾಗಿಲು ಒಂದು ಕಡೆ, ಬಾನೆಟ್ಟು ಒಂದು ಕಡೆ, ಇಂಜಿನ್ನು ಇನ್ನೊಂದು ಕಡೆ ಹೆಕ್ಕಿ ಅವರೇ ಜೋಡಿಸಿದ ಕಾರು. ನಮ್ಮ ಕುಟುಂಬದಲ್ಲಿ ಅಷ್ಟೊಂದು ಅಂತರ್ಜಾತಿ ಸಂಬಂಧ ಬೇರೆಲ್ಲೂ ನಡೆದದ್ದಿಲ್ಲ! ಎಡಗಡೆಯ ಹಿಂಬಾಗಿಲನ್ನು ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಬೇಕಿತ್ತು. ತಲೆಯ ಮೇಲೆ ಹಾಸಿಗೆಸುರುಳಿ, ಅದರ ಮೇಲೆ ಆ ಬಾಲ್ದಿ.

ಅಂಧೇರಿಯಲ್ಲಿ ಎಡಕ್ಕೆ ತಿರುಗಿದ್ದರೆ ದಾರಿ ಹತ್ತಿರ. ಮಾವ ತಿರುಗಲಿಲ್ಲ.

“ಭಾವ, ಇಲ್ಲೇ ತಿರುಗಬೇಕಿತ್ತಲ್ಲ?” ಅಂದರು ಮುಂದೆ ಕೂತಿದ್ದ ಅಪ್ಪ.

“ಸಾಂತಾಕ್ರೂಜ್ ಕಡೆಯಿಂದ ಬರುವ. ಮಕ್ಕಳಿಗೆ ವಿಮಾನ ಕಾಣ್ತದೆ.”

ಹನ್ನೊಂದು ವರ್ಷ ಬೊಂಬಾಯಿಯಲ್ಲಿದ್ದ ನಾವು ವಿಮಾನ ನೋಡದವರೇ?

ಸಾಂತಾಕ್ರೂಜಿನಲ್ಲಿ ಒಬ್ಬ ಪೊಲೀಸ್ ನಮ್ಮ ಹಗ್ಗ, ಬಾಲ್ದಿ ಎಲ್ಲ ನೋಡಿ ಕೈ ಅಡ್ಡ ಹಿಡಿದರು. ಕಿಟಕಿಗೆ ಬಗ್ಗಿ, “ಕುಠೆ ಚಾಲ್ಲಾ?” ಎಂದು ಕೇಳಿದರು. ಎಲ್ಲಿಗೆ ಹೊರಟಿರಿ ಎಂಬ ಸೀದಾ ಪ್ರಶ್ನೆ. ಮುಲುಂಡಿಗೆ ಹೋಗುತ್ತೇವೆ ಅನ್ನಲು ಮರಾಠಿಯಲ್ಲಿ ‘ಜಾತೋ’ ಅನ್ನಬೇಕು. ಮಾವನ ನಿಷೇಧಕ್ಕೆ ಭಾಷಾಭೇದವಿಲ್ಲವಲ್ಲ! ಗಾಬರಿಯಲ್ಲಿ ಅವರು ಎರಡೂ ಕೈ ಮುಗಿದು, “ಯೇತೋ ಸಾಹೇಬ್!” ಅಂದುಬಿಟ್ಟರು. ಮರಾಠಿಯವರೂ ಬೀಳ್ಕೊಳ್ಳುವಾಗ ನಮ್ಮ ಹಾಗೆಯೇ ‘ಯೇತೋ’, ಅಂದರೆ ಬರ್ತೇನೆ, ಅನ್ನುವವರು. ಅದಕ್ಕೆ ಸರಿಯಾಗಿ ಮಾವನ ಕಾಲು ಬ್ರೇಕಿನಿಂದ ಜಾರಿ ಕಾರು ಮುಂದಕ್ಕೆ ಉರುಳಿತು. ಯೋಚಿಸಿ ನೋಡಿ! ಪೊಲೀಸ್ ವಿಚಾರಣೆ ಮಾಡುತ್ತಿರುವಾಗ ‘ಸರಿ, ಬರ್ತೇನೆ’ ಎಂದು ಕೈಮುಗಿದು ಹೊರಟ ಮೊದಲ ಆರೋಪಿ ನಮ್ಮ ಮಾವನೇ ಇರಬೇಕು!

“ಅರೇ! ಯೇತೋ ಕಾಯ್ ಯೇತೋ? ಥಾಂಬಾ!” ಎಂದು ಅವರು ಸೀಟಿ ಊದುತ್ತಾ ಹಿಂದೆ ಓಡಿಬಂದರು.

ಕಾರು ನಿಂತಿತು. ಲೈಸೆನ್ಸ್, ಕಾಗದಪತ್ರ, ಬೆವರು. ಮಾವ ಕೈಮುಗಿಯುತ್ತಲೇ ಇದ್ದರು. ಕೊನೆಗೆ ಹಿಂದಿನಿಂದ ಅಮ್ಮ ಬಗ್ಗಿ, ತನ್ನ ಬೀದಿಯ ಮರಾಠಿಯಲ್ಲಿ ಹೇಳಿದಳು: ಇವರು ನನ್ನ ಅಣ್ಣ, ಸಾಹೇಬ್. ತಲೆ ಸರಿ ಉಂಟು. ನಾಳೆ ನಾನು ನಾಗಪುರಕ್ಕೆ ಹೋಗುತ್ತೇನೆ, ಅದಕ್ಕೇ ಹೀಗೆ ಆಡ್ತಿದ್ದಾರೆ. “ಉದ್ಯಾ ಮೀ ಜಾತೇ” ಅಂದಳು. ಆ ಕಾರಿನಲ್ಲಿ ಆ ಮಾತನ್ನು ಆಡಿದವಳು ಅವಳೇ ಮೊದಲು. ಮಾವ ತಿದ್ದಲಿಲ್ಲ. ಸ್ಟಿಯರಿಂಗ್ ನೋಡುತ್ತಾ ಕೂತರು.

ಪೊಲೀಸ್ ಒಮ್ಮೆ ಅಮ್ಮನನ್ನು, ಒಮ್ಮೆ ಮಾವನನ್ನು ನೋಡಿದರು. ಲೈಸೆನ್ಸ್ ವಾಪಸು ಕೊಟ್ಟು, “ಬರಂ. ಯಾ ಆತಾ” ಅಂದರು. ಸರಿ, ಬನ್ನಿ ಇನ್ನು.

ಕುರ್ಲಾ ಬಂದದ್ದೇ ಕಾರು ಗಕ್ಕನೆ ನಿಂತಿತು. ಪ್ರತಿ ಸಲವೂ ಹಾಗೆಯೇ. “ತವರುಮನೆಗೆ ಬಂದವಳು ಒಂದು ಗಳಿಗೆ ಕೂರದೆ ಹೊರಡ್ತಾಳಾ?” ಎಂದು ಮಾವ ಬಾನೆಟ್ಟು ಎತ್ತಿ ಅದರೊಳಗೆ ತಲೆ ತೂರಿಸಿದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಒಳಗೆ ಬಿಸಿಲಿಗೆ ನಾವು ಬೇಯುತ್ತಿದ್ದೆವು.

“ಇದೆಂಥ ಹುಚ್ಚು ಇವರದ್ದು?” ಎಂದು ಅಪ್ಪ ಸಿಡುಕಿದರು.

ಆಗ ಅಮ್ಮ ಹೇಳಿದಳು. ಮಾವ ಹದಿನಾಲ್ಕನೆಯ ವಯಸ್ಸಿಗೆ ಉಡುಪಿ ಕಡೆಯ ಊರಿನಿಂದ ಬೊಂಬಾಯಿಯ ಹೋಟೆಲಿಗೆ ಹೊರಟಾಗ, ಅಂಗಳದಿಂದಲೇ ‘ಅಮ್ಮಾ, ಹೋಗ್ತೇನೆ’ ಎಂದು ಕೂಗಿ ಓಡಿದ್ದರಂತೆ. ಬಸ್ಸು ತಪ್ಪುವ ಅವಸರ. ಎರಡು ವರ್ಷ ಕಳೆದು ಊರಿಗೆ ಬಂದಾಗ ಆ ಅಮ್ಮ, ಅಂದರೆ ನಮ್ಮ ಅಜ್ಜಿ, ಇರಲಿಲ್ಲ. ಐದು ವರ್ಷದ ತಂಗಿ ಇದ್ದಳು, ಪಕ್ಕದ ಮನೆಯವರ ಜಗಲಿಯಲ್ಲಿ. ಅವಳನ್ನು ಸಾಕಿದ್ದು, ಓದಿಸಿದ್ದು, ಮದುವೆ ಮಾಡಿದ್ದು, ಮದುವೆ ಮಾಡಿಯೂ ತನ್ನ ಮನೆಯಲ್ಲೇ ಇಟ್ಟುಕೊಂಡದ್ದು ಎಲ್ಲ ಮಾವನೇ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಅಷ್ಟರಲ್ಲಿ ಗುಜರಿ ಅಂಗಡಿಯ ಹಳೆ ಪರಿಚಯದ ಮುದುಕರೊಬ್ಬರು ಬಂದು ಬಾನೆಟ್ಟಿನೊಳಗೆ ಇಣುಕಿದರು. ಮಾವನನ್ನು ಮೇಲಿಂದ ಕೆಳಗೆ ನೋಡಿದರು. “ಸೇಠ್, ವೈರ್ ತೋ ಆಪ್ ಕೇ ಹಾಥ್ ಮೇ ಹೈ!” ಅಂದರು.

ಹೌದು. ಕಳಚಿದ ವೈರು ಮಾವನ ಮುಷ್ಟಿಯಲ್ಲೇ ಇತ್ತು. ಕಾರು ತಾನಾಗಿ ನಿಂತದ್ದು ನಿಜ. ಆಮೇಲಿನ ಅರ್ಧ ಗಂಟೆ ಮಾತ್ರ ಮಾವನದು. ಅಮ್ಮ ಬೈಯಬಹುದೆಂದು ನಾನು ಕಾದೆ. ಅವಳು ಕಿಟಕಿಯಾಚೆ ತಿರುಗಿ ಕೂತಳು. ಅತ್ತೆ ಸೆರಗಿನಿಂದ ಗಾಳಿ ಹಾಕುತ್ತಾ, “ಸೆಕೆ” ಅಂದರು.

ಬೀದಿ ದೀಪ ಹತ್ತುವ ಹೊತ್ತಿಗೆ ಮುಲುಂಡ್ ಬಂತು. ನಮ್ಮ ಬಿಲ್ಡಿಂಗಿನ ಕೆಳಗೆ ಕಾರು ನಿಲ್ಲಿಸಿದ ಮಾವ ಬಾಗಿಲು ತೆರೆಯಲಿಲ್ಲ. “ಯಾರೂ ಇಳಿಯಬೇಡಿ. ಇಂಜಿನ್ ಬಿಸಿ ಉಂಟು. ಸ್ವಲ್ಪ ತಣ್ಣಗಾಗಲಿ” ಅಂದರು.

“ಇಂಜಿನ್ ಗರಂ ಇದ್ರೆ ನಾವ್ ಯಾಕೆ ಉತರಬಾರ್ದು?” ಎಂದು ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆದರೂ ಯಾರೂ ಇಳಿಯಲಿಲ್ಲ.

ಮೇಲೆ ಕಟ್ಟದ ಪಾತ್ರೆಗಳಿದ್ದವು, ಮಡಿಸದ ಬಟ್ಟೆಗಳಿದ್ದವು. ನಾಲ್ಕು ದಿನದಿಂದ ಹೊತ್ತಾಯಿತು, ಹೊತ್ತಾಯಿತು ಎಂದು ಜಪ ಮಾಡುತ್ತಿದ್ದ ಅಮ್ಮ ಮೆಲ್ಲನೆ ಹೇಳಿದಳು: “ಅಣ್ಣ, ಸ್ಟೇಷನ್‌ವರೆಗೆ ಒಂದು ರೌಂಡ್ ಹಾಕುವ. ಪಾತ್ರೆ ಬೆಳಿಗ್ಗೆ ಕಟ್ಟಿದರಾಯ್ತು.”

ಮಾವ ಕೀಲಿ ತಿರುಗಿಸಲು ನೋಡಿದರು. ಕಣ್ಣು ತುಂಬಿಕೊಂಡು ಕೀಲಿಯೇ ಕಾಣುತ್ತಿರಲಿಲ್ಲ. ಅಪ್ಪ ಅವರ ಕಡೆ ವಾಲಿ, “ಭಾವ, ನಾನು ಓಡಿಸ್ಲಾ?” ಎಂದು ಕೇಳಿದರು. ಅಪ್ಪನಿಗೆ ಸೈಕಲ್ಲೂ ಬರುತ್ತಿರಲಿಲ್ಲ!

ಮಾವ ಅಳುತ್ತಲೇ ನಕ್ಕರು. ಕಾರು ಹೊರಟಿತು. ಸ್ಟೇಷನ್‌ವರೆಗೆ ಒಂದು ಸಲ, ಅಲ್ಲಿಂದ ಮಾರ್ಕೆಟ್ ಸುತ್ತಿ ಮತ್ತೊಂದು ಸಲ, ಮತ್ತೆ ಇನ್ನೊಂದು. ಬಿಲ್ಡಿಂಗ್ ಹತ್ತಿರ ಬಂದಾಗಲೆಲ್ಲ ಮಾವ ಕಾರು ನಿಧಾನ ಮಾಡುತ್ತಿದ್ದರು, ನಾವು ಯಾರೂ ಬಾಗಿಲಿಗೆ ಕೈ ಹಾಕುತ್ತಿರಲಿಲ್ಲ. ಅಮ್ಮ ಹಿಂದಿನ ಸೀಟಿನಿಂದ ಕೈ ಚಾಚಿ ಅಣ್ಣನ ಭುಜ ಹಿಡಿದುಕೊಂಡಿದ್ದಳು. ಐದು ವರ್ಷದ ಹುಡುಗಿ ಜಾತ್ರೆಯಲ್ಲಿ ಹಿಡಿದುಕೊಳ್ಳುವಷ್ಟು ಗಟ್ಟಿಯಾಗಿ.